ಹೊಸ ಸಭಾಪಾಲಕರ ಮೊದಲ ವರ್ಷ: ಹಿರಿಯರು ಜೊತೆಗೆ ನಿಲ್ಲುವುದು ಹೇಗೆ

ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನಲ್ಲೋ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲೋ ಬಿ.ಡಿ. (ದೇವತಾಶಾಸ್ತ್ರದ ಪದವಿ) ಮುಗಿಸಿ ಸಭಾಪಾಲಕರಾಗಿ ಬಂದವರಿಗೆ ಗ್ರೀಕ್ ವ್ಯಾಕರಣ ಗೊತ್ತಿರುತ್ತದೆ, ಸಭಾ ಚರಿತ್ರೆ ಗೊತ್ತಿರುತ್ತದೆ, ಪ್ರಸಂಗಕ್ಕೆ ಮೂರು ಅಂಶ ಹೊಂದಿಸುವುದೂ ಗೊತ್ತಿರುತ್ತದೆ. ರಾತ್ರಿ ಹನ್ನೊಂದಕ್ಕೆ ಸಾವಿನ ಸುದ್ದಿ ಬಂದರೆ ಮೊದಲು ಯಾರಿಗೆ ಫೋನ್ ಮಾಡಬೇಕು, ಮದುವೆ ರಿಜಿಸ್ಟರಿನಲ್ಲಿ ವಧುವಿನ ಹೆಸರು ತಪ್ಪಿದರೆ ಏನು ಮಾಡಬೇಕು, ಕಾಣಿಕೆ ಚೀಲವನ್ನು ಯಾರ ಕೈಗೆ ಕೊಡಬೇಕು ಎಂಬುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಮೊದಲ ವರ್ಷದಲ್ಲಿ ಹೊಸ ಪಾಲಕರು ಎಡವುವುದು ಪ್ರಸಂಗಪೀಠದಲ್ಲಿ ಕಡಿಮೆ, ವೆಸ್ಟ್ರಿಯಲ್ಲಿ (ಗುಡಿಯ ಪಕ್ಕದ ಪಾಲಕರ ಕೋಣೆ), ಸಮಾಧಿ ಅಂಗಳದಲ್ಲಿ, ಕಮಿಟಿ ಮೇಜಿನ ಮುಂದೆ ಹೆಚ್ಚು. ಹಿರಿಯ ಪಾಲಕರೊಬ್ಬರು ಜೊತೆಗಿರಬೇಕಾದದ್ದು ಅಲ್ಲಿ. ದಕ್ಷಿಣ ಭಾರತ ಸಭೆಯ (ಚರ್ಚ್ ಆಫ್ ಸೌತ್ ಇಂಡಿಯಾ, ಸಿಎಸ್‌ಐ) ಕನ್ನಡ ಸಭೆಗಳಲ್ಲಿ ಈ ಕೆಲಸವನ್ನು ನಾವು ನಡೆಸಿಕೊಂಡು ಬಂದಿರುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇವೆ.

ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕಾದ ಮಾತೊಂದಿದೆ. ಮಾರ್ಗದರ್ಶಿಯಾದವರು ಆ ಹೊಸಬರ ಬಗ್ಗೆ ಬಿಷಪ್‌ರಿಗೆ ವರದಿ ಬರೆಯುವವರಾಗಿರಬಾರದು. ಗುರುದೀಕ್ಷೆಗೆ ಶಿಫಾರಸು ಮಾಡುವ ಅಧಿಕಾರ, ವರ್ಗಾವಣೆಯಲ್ಲಿ ಮಾತಾಡುವ ಅಧಿಕಾರ ಇರುವವರ ಮುಂದೆ ಯಾರೂ "ನನಗೆ ಪ್ರಾರ್ಥನೆ ಮಾಡಲು ಆಗುತ್ತಿಲ್ಲ" ಎಂದು ಹೇಳುವುದಿಲ್ಲ. ಎಲ್ಲ ಚೆನ್ನಾಗಿದೆ ಅಯ್ಯಾ ಎಂದು ಹೇಳಿ ಚಹಾ ಕುಡಿದು ಹೋಗುತ್ತಾರೆ. ಹೀಗಾಗಿ ಪಕ್ಕದ ಏರಿಯಾದ, ಕನಿಷ್ಠ ಹತ್ತು ವರ್ಷ ಹಳ್ಳಿ ಪಟ್ಟಣ ಎರಡರಲ್ಲೂ ಸೇವೆ ಮಾಡಿದ ಪಾಲಕರನ್ನು ಆರಿಸುತ್ತೇವೆ. ಬಸ್ಸಿನಲ್ಲಿ ಎರಡು ಗಂಟೆಗಿಂತ ದೂರವಿರಬಾರದು. ಅದಕ್ಕಿಂತ ದೂರವಾದರೆ ಭೇಟಿ ಫೋನಿಗೆ ಇಳಿಯುತ್ತದೆ. ಫೋನಿನಲ್ಲಿ ಮುಖ ಬಾಡಿರುವುದು ಕಾಣುವುದಿಲ್ಲ. ಮೊದಲ ಮೂರು ತಿಂಗಳು ವಾರಕ್ಕೊಮ್ಮೆ, ಒಂದೂವರೆ ಗಂಟೆ, ಮುಂದಿನ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಇಲ್ಲಿ ಆಡಿದ ಮಾತು ಇಲ್ಲೇ ಉಳಿಯುತ್ತದೆ, ಆದರೆ ಮಗುವಿಗೆ ಅಪಾಯ ಅಥವಾ ಪ್ರಾಣಕ್ಕೆ ಅಪಾಯ ಇದ್ದರೆ ಉಳಿಯುವುದಿಲ್ಲ ಎಂದು ಮೊದಲ ದಿನವೇ ಬಾಯಿಬಿಟ್ಟು ಹೇಳಿಬಿಡಬೇಕು.

ಚಾರ್ಜ್ ತೆಗೆದುಕೊಳ್ಳುವ ದಿನ

ವರ್ಗಾವಣೆ ಸಾಮಾನ್ಯವಾಗಿ ಬೇಸಿಗೆಯಲ್ಲಿ ಆಗುತ್ತದೆ. ಹಳೆಯ ಪಾಲಕರ ಲಾರಿ ಹೊರಡುವ ಹೊತ್ತಿಗೆ ಹೊಸಬರ ಲಾರಿ ಬಂದು ನಿಂತಿರುತ್ತದೆ. ಆ ಗಡಿಬಿಡಿಯಲ್ಲಿ ಬೀಗದ ಕೈ ಗೊಂಚಲು ಕೊಟ್ಟು ಕೈಕುಲುಕಿ ಹೋಗಿಬಿಡುವುದು ರೂಢಿ. ಅದಕ್ಕೆ ಅವಕಾಶ ಕೊಡಬಾರದು. ಚಾರ್ಜ್ ಕೊಡುವುದಕ್ಕೆ, ತೆಗೆದುಕೊಳ್ಳುವುದಕ್ಕೆ ಪೂರ್ತಿ ಅರ್ಧ ದಿನ ಇಡಬೇಕು. ಸಭೆಯ ಕಾರ್ಯದರ್ಶಿ, ಖಜಾಂಚಿ ಇಬ್ಬರೂ ಕೂತಿರಬೇಕು.

ಮೇಜಿನ ಮೇಲೆ ಬರಬೇಕಾದವು: ದೀಕ್ಷಾಸ್ನಾನ, ದೃಢೀಕರಣ, ಮದುವೆ, ಸಮಾಧಿ ಈ ನಾಲ್ಕು ರಿಜಿಸ್ಟರುಗಳು, ಸದಸ್ಯರ ಪಟ್ಟಿ, ಪ್ರತಿ ಆರಾಧನೆಯ ಹಾಜರಿ ಮತ್ತು ಕಾಣಿಕೆ ಬರೆಯುವ ಸರ್ವಿಸ್ ರಿಜಿಸ್ಟರು, ಕಮಿಟಿ ನಡವಳಿ ಪುಸ್ತಕ, ಕ್ಯಾಶ್ ಬುಕ್, ಪಾಸ್‌ಬುಕ್, ಚೆಕ್ ಪುಸ್ತಕ, ಬಳಸಿದ ಹಾಗೂ ಬಳಸದ ರಸೀದಿ ಪುಸ್ತಕಗಳು, ಸಭೆಯ ಜಾಗದ ಖಾತೆ ಅಥವಾ ಪಹಣಿ, ಕಂದಾಯ ಕಟ್ಟಿದ ರಸೀದಿ, ಕರೆಂಟ್ ಬಿಲ್ಲು. ಕರ್ತನ ಭೋಜನದ ಪಾತ್ರೆ ತಟ್ಟೆಗಳನ್ನು ಎಣಿಸಿ ಬರೆಯಬೇಕು. ರಿಜಿಸ್ಟರುಗಳ ಕೊನೆಯ ಕ್ರಮಸಂಖ್ಯೆ, ರಸೀದಿ ಪುಸ್ತಕದ ಕೊನೆಯ ಹಾಳೆಯ ನಂಬರು, ಆ ದಿನದ ಬ್ಯಾಂಕ್ ಬಾಕಿ ಇಷ್ಟನ್ನೂ ಒಂದು ಪಟ್ಟಿಯಲ್ಲಿ ಬರೆದು ಮೂರು ಪ್ರತಿ ಮಾಡಿ ಕೊಟ್ಟವರು, ತೆಗೆದುಕೊಂಡವರು, ಕಾರ್ಯದರ್ಶಿ ಸಹಿ ಹಾಕಬೇಕು. ಒಂದು ಪ್ರತಿ ಡಯಾಸಿಸ್ (ಬಿಷಪ್‌ರ ಆಡಳಿತ ಪ್ರಾಂತ್ಯ) ಕಚೇರಿಗೆ.

ಹೊಸಬರು ಇಲ್ಲಿ ಸಂಕೋಚಪಡುತ್ತಾರೆ. ಹಿರಿಯರ ಮುಂದೆ ರಸೀದಿ ಹಾಳೆ ಎಣಿಸುವುದು ಅವರನ್ನು ನಂಬದ ಹಾಗೆ ಕಾಣುತ್ತದೆ ಎನ್ನುತ್ತಾರೆ. ಇದಕ್ಕೆ ನಮ್ಮ ಉತ್ತರ ಒಂದೇ: ಎಣಿಸುವುದರಿಂದ ಹೋಗುವವರಿಗೂ ರಕ್ಷಣೆ. ಎರಡು ವರ್ಷದ ನಂತರ ಒಂದು ರಸೀದಿ ಪುಸ್ತಕ ಸಿಗದೇ ಹೋದಾಗ ಸಹಿ ಮಾಡಿದ ಆ ಪಟ್ಟಿ ಇಬ್ಬರ ಮರ್ಯಾದೆಯನ್ನೂ ಉಳಿಸುತ್ತದೆ. ಮಾರ್ಗದರ್ಶಿ ಅಂದು ಅಲ್ಲಿಗೆ ಹೋಗಿ ಕೂತರೆ ಸಂಕೋಚ ಅರ್ಧ ಕರಗುತ್ತದೆ.

ಮೊದಲ ಆರು ತಿಂಗಳು ಏನನ್ನೂ ಬದಲಿಸಬೇಡಿ

1947ರ ಸೆಪ್ಟೆಂಬರ್ 27ರಂದು ಸಿಎಸ್‌ಐ ಒಂದಾದರೂ ಅದರೊಳಗೆ ಬಂದ ಹಳೆಯ ಮಿಷನ್ನುಗಳ ಪದ್ಧತಿ ಇನ್ನೂ ಉಸಿರಾಡುತ್ತಿದೆ. ಮಂಗಳೂರು, ಧಾರವಾಡ, ಬೆಟಗೇರಿ ಕಡೆ ಬಾಸೆಲ್ ಮಿಷನ್. ಬಳ್ಳಾರಿ ಕಡೆ ಲಂಡನ್ ಮಿಷನ್. ಮೈಸೂರು, ತುಮಕೂರು, ಹಾಸನ ಕಡೆ ವೆಸ್ಲಿಯನ್ ಮಿಷನ್. ಕೀರ್ತನೆಗಳ ರಾಗ, ಪ್ರಾರ್ಥನೆಗೆ ನಿಲ್ಲಬೇಕೋ ಮೊಣಕಾಲೂರಬೇಕೋ, ಶುಭ ಶುಕ್ರವಾರದ ಆರಾಧನೆ ಎಷ್ಟು ಹೊತ್ತು, ಯಾವ ಬೆಂಚು ಯಾರದು, ಹೀಗೆ ಎಲ್ಲದರಲ್ಲೂ ಊರಿಗೊಂದು ವಾಡಿಕೆ. ಮನೆಯಲ್ಲಿ ತುಳು ಆಡಿ ಗುಡಿಯಲ್ಲಿ ಕನ್ನಡದಲ್ಲಿ ಆರಾಧಿಸುವ ಸಭೆಗೂ ಹೊಲದ ಕೆಲಸ ಮುಗಿಸಿ ಬರುವ ಧಾರವಾಡ ಸೀಮೆಯ ಸಭೆಗೂ ಒಂದೇ ಅಳತೆ ಒಪ್ಪುವುದಿಲ್ಲ. ಹೊಸ ಪಾಲಕರು ಬಂದ ಎರಡನೇ ತಿಂಗಳಿಗೇ ಗಿಟಾರ್ ತಂದು, ಆರಾಧನೆಯ ಸಮಯ ಅರ್ಧ ಗಂಟೆ ಹಿಂದಿಟ್ಟು, ಹಳೆಯ ಗಾಯನ ಮಂಡಳಿಯನ್ನು ಪಕ್ಕಕ್ಕೆ ಸರಿಸಿದರೆ ಮುಂದಿನ ಎರಡು ವರ್ಷ ಅದರ ಗಾಯ ತೊಳೆಯುವುದರಲ್ಲೇ ಹೋಗುತ್ತದೆ. ಛಾವಣಿ ಸೋರುತ್ತಿದ್ದರೆ, ವೈರಿಂಗ್ ಸುಟ್ಟಿದ್ದರೆ, ಲೆಕ್ಕ ಬರೆಯುತ್ತಿಲ್ಲವಾದರೆ ಅಂಥದ್ದಕ್ಕೆ ಕಾಯಬೇಕಿಲ್ಲ. ಉಳಿದದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಆರನೇ ತಿಂಗಳಲ್ಲಿ ತೆರೆದು ನೋಡಲು ಹೇಳುತ್ತೇವೆ. ಪಟ್ಟಿಯ ಅರ್ಧದಷ್ಟಕ್ಕೆ ಅಷ್ಟರಲ್ಲಿ ಕಾರಣ ತಿಳಿದಿರುತ್ತದೆ.

ಡೀಕನ್ (ಗುರುದೀಕ್ಷೆಯ ಮೊದಲ ಹಂತದವರು) ಆಗಿರುವವರೆಗೆ ಕರ್ತನ ಭೋಜನವನ್ನು ತಾವೇ ನಡೆಸುವಂತಿಲ್ಲ. ಪ್ರೆಸ್ಬಿಟರ್ (ಪೂರ್ಣ ಗುರುದೀಕ್ಷೆ ಪಡೆದ ಪಾಲಕರು) ಒಬ್ಬರು ಬರಬೇಕು. ಹೊಸಬರಿಗೆ ಇದು ಕೈಕಟ್ಟಿದಂತೆ ಅನಿಸುತ್ತದೆ. ಈ ಕಾಲವನ್ನು ಕಲಿಕೆಗೆ ಬಳಸಬೇಕು: ರೊಟ್ಟಿ ಎಷ್ಟು ತುಂಡು, ದ್ರಾಕ್ಷಾರಸ ಎಷ್ಟು, ಹಾಸಿಗೆ ಹಿಡಿದವರ ಮನೆಗೆ ಯಾವ ದಿನ ಹೋಗುವುದು, ಉಳಿದದ್ದನ್ನು ಭಕ್ತಿಯಿಂದ ಹೇಗೆ ಮುಗಿಸುವುದು ಇದೆಲ್ಲ ಪಕ್ಕದಲ್ಲಿ ನಿಂತು ಕಲಿಯುವ ಸಂಗತಿಗಳು.

ಪ್ರಸಂಗದ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ, ಕಾಲೇಜಿನಲ್ಲಿ ಕಲಿತಿರುತ್ತಾರೆ. ಸಿಎಸ್‌ಐ ಅಲ್ಮನಾಕಿನಲ್ಲಿ (ಸಭೆಯ ವಾರ್ಷಿಕ ಪಂಚಾಂಗ) ಪ್ರತಿ ಭಾನುವಾರಕ್ಕೂ ವಿಷಯ, ಪಾಠಗಳು ಇರುತ್ತವೆ. ಅದನ್ನು ಬಿಟ್ಟು ತಮಗೆ ಇಷ್ಟವಾದ ವಾಕ್ಯಗಳನ್ನೇ ಹಿಡಿದರೆ ನಾಲ್ಕು ತಿಂಗಳಲ್ಲಿ ಸರಕು ಮುಗಿಯುತ್ತದೆ. ಸೋಮವಾರವಲ್ಲ, ಮಂಗಳವಾರ ಬೆಳಿಗ್ಗೆ ಮುಂದಿನ ಭಾನುವಾರದ ಪಾಠ ಓದಬೇಕು. ಗುರುವಾರದೊಳಗೆ ಪೂರ್ತಿ ಬರೆಯಬೇಕು. ಶನಿವಾರ ಗಟ್ಟಿಯಾಗಿ ಓದಿ ಗಡಿಯಾರ ನೋಡಬೇಕು. 20 ನಿಮಿಷ ಸಾಕು. ಮಾರ್ಗದರ್ಶಿ ತಿಂಗಳಿಗೊಮ್ಮೆ ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಾರೆ, ಆದರೆ ಅಂದೇ ಏನೂ ಹೇಳುವುದಿಲ್ಲ. ಭಾನುವಾರ ಮಧ್ಯಾಹ್ನ ಪಾಲಕರು ದಣಿದಿರುತ್ತಾರೆ. ಆಗ ಹೇಳಿದ ಸಣ್ಣ ಟೀಕೆಯೂ ಚರ್ಮದೊಳಗೆ ಇಳಿಯುತ್ತದೆ. ಎರಡು ದಿನ ಬಿಟ್ಟು ಕೂತಾಗ ಕೇಳುವುದು ಇಷ್ಟು: ಕಿಟಕಿ ಪಕ್ಕ ಕೂತಿದ್ದ ಆ ಕೂಲಿಯ ಹೆಂಗಸು ಮನೆಗೆ ಏನು ತೆಗೆದುಕೊಂಡು ಹೋದರು ಅಂತ ನಿಮಗನಿಸುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹುಡುಕುತ್ತ ಪ್ರಸಂಗದಿಂದ ಪುಸ್ತಕದ ಕನ್ನಡ ತಾನಾಗಿ ಉದುರುತ್ತದೆ.

ಮನೆ ಭೇಟಿ

ವಾರಕ್ಕೆ ಎಂಟು ಮನೆ, ಎರಡು ಸಂಜೆಗಳಲ್ಲಿ. ಅದಕ್ಕಿಂತ ಹೆಚ್ಚಾದರೆ ಹಾಜರಿ ಹಾಕಿದಂತಾಗುತ್ತದೆ. ಒಂದು ಮನೆಗೆ 25 ನಿಮಿಷ: ಮಾತು, ಒಂದು ಚಿಕ್ಕ ಕೀರ್ತನೆ ಓದು, ಹೆಸರು ಹಿಡಿದು ಪ್ರಾರ್ಥನೆ. ಕೂಲಿಗೆ ಹೋಗುವವರ ಮನೆಗೆ ಸಂಜೆ ಆರೂವರೆಗಿಂತ ಮೊದಲು ಹೋದರೆ ಬೀಗವೇ ಕಾಣುವುದು. ಜೋಳ, ಕಡಲೆ ರಾಶಿಯ ದಿನಗಳಲ್ಲಿ ಮನೆಗಲ್ಲ, ಕಣಕ್ಕೆ ಹೋಗಿ ಎರಡು ಮಾತಾಡಿ ಬರಬೇಕು.

ಯಾವ ಮನೆಗೆ ಮೊದಲು ಹೋದರು ಎಂಬುದನ್ನು ಇಡೀ ಊರು ಲೆಕ್ಕ ಇಡುತ್ತದೆ. ಕಾರ್ಯದರ್ಶಿಯ ಮನೆಯಲ್ಲಿ ಮೊದಲ ಊಟವಾಗಿ ಖಜಾಂಚಿಯ ಮನೆಯಲ್ಲಿ ಎರಡನೆಯದಾದರೆ ಹೊಸ ಪಾಲಕರು ಯಾರ ಪಂಗಡ ಎಂಬುದು ಆ ವಾರವೇ ತೀರ್ಮಾನವಾಗಿಬಿಡುತ್ತದೆ. ಆದ್ದರಿಂದ ಮೊದಲು ರೋಗಿಗಳು, ಆಮೇಲೆ ವಿಧವೆಯರು, ಆಮೇಲೆ ಗುಡಿಗೆ ಬರುವುದನ್ನು ಬಿಟ್ಟವರು, ಕಮಿಟಿಯವರು ಕೊನೆಗೆ. ಇದನ್ನು ಮೊದಲ ಕಮಿಟಿ ಸಭೆಯಲ್ಲೇ ಹೇಳಿಬಿಟ್ಟರೆ ಯಾರೂ ಬೇಸರಪಡುವುದಿಲ್ಲ. ಹೆಂಗಸರು ಒಬ್ಬರೇ ಇರುವ ಮನೆಯಲ್ಲಿ ಜಗಲಿಯಲ್ಲೇ ಕೂರಬೇಕು, ಬಾಗಿಲು ತೆರೆದಿರಬೇಕು, ಸ್ತ್ರೀ ಅನ್ಯೋನ್ಯ ಕೂಟದ ಹಿರಿಯರೊಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಭೇಟಿಯ ದಿನಾಂಕ, ಕಾಯಿಲೆ, ಮಕ್ಕಳ ಓದು ಇಷ್ಟನ್ನು ಡೈರಿಯಲ್ಲಿ ಬರೆದುಕೊಳ್ಳಬಹುದು. ಗುಟ್ಟಾಗಿ ಹೇಳಿದ ಮಾತನ್ನು ಬರೆಯಬಾರದು. ಡೈರಿ ಎಂದಾದರೂ ಕಳೆದುಹೋಗುತ್ತದೆ.

ಮೊದಲ ಸಮಾಧಿ

ಇದೊಂದಕ್ಕೆ ಮಾರ್ಗದರ್ಶಿ ಎಲ್ಲ ಬಿಟ್ಟು ಹೋಗಬೇಕು. ಹೊಸ ಪಾಲಕರು ಊರಿಗೆ ಬಂದ ಮೊದಲ ವಾರದಲ್ಲೇ ಸಮಾಧಿ ಅಂಗಳಕ್ಕೆ ಒಮ್ಮೆ ನಡೆದುಹೋಗಿ ನೋಡಿಕೊಂಡು ಬರಲು ಹೇಳುತ್ತೇವೆ: ದಾರಿ ಯಾವುದು, ಯಾವ ಸಾಲು ಖಾಲಿ ಇದೆ, ಕುಟುಂಬದ ಜಾಗ ಎಂದು ಕಾಯ್ದಿರಿಸಿದ್ದು ಯಾವುದು, ಗುಂಡಿ ತೋಡುವವರು ಯಾರು, ಅವರ ಫೋನ್ ನಂಬರ್ ಏನು. ಕರಾವಳಿಯ ಮುರಕಲ್ಲಿನ ನೆಲದಲ್ಲಿ ತೋಡುವುದಕ್ಕೆ ಅರ್ಧ ದಿನ ಹಿಡಿಯುತ್ತದೆ. ಉತ್ತರದ ಎರೆಮಣ್ಣು ಮಳೆಗಾಲದಲ್ಲಿ ಬದಿಯಿಂದ ಕುಸಿಯುತ್ತದೆ, ಹಲಗೆ ಕೊಟ್ಟು ನಿಲ್ಲಿಸಬೇಕಾಗುತ್ತದೆ. ಪೆಟ್ಟಿಗೆ ಇಳಿಸಲು 20 ಅಡಿಯ ಎರಡು ಗಟ್ಟಿ ಹಗ್ಗ ಗುಡಿಯಲ್ಲೇ ಇರಲಿ. ಮನೆಯವರು ತರುತ್ತಾರೆ ಎಂದು ನಂಬಿ ಹೋದರೆ ಗುಂಡಿಯ ಅಂಚಿನಲ್ಲಿ ನಿಂತು ಹಗ್ಗಕ್ಕಾಗಿ ಯಾರನ್ನೋ ಬೈಕಿನಲ್ಲಿ ಕಳಿಸಬೇಕಾಗುತ್ತದೆ, ಆ ಅರ್ಧ ಗಂಟೆಯಲ್ಲಿ ಮನೆಯವರ ದುಃಖ ಸಿಟ್ಟಾಗಿ ತಿರುಗುತ್ತದೆ.

ಸುದ್ದಿ ಬಂದ ಕೂಡಲೇ ಮನೆಗೆ ಹೋಗಬೇಕು. ಫೋನಿನಲ್ಲಿ ಸಮಯ ನಿಗದಿ ಮಾಡಬಾರದು. ಹೋಗಿ, ಐದು ನಿಮಿಷ ಸುಮ್ಮನೆ ಕೂತು, ಚಿಕ್ಕ ಪ್ರಾರ್ಥನೆ ಮಾಡಿ, ಆಮೇಲೆ ಮನೆಯ ಹಿರಿಯರೊಬ್ಬರನ್ನು ಹೊರಗೆ ಕರೆದು ವಿಚಾರಿಸಬೇಕು: ದೂರದಿಂದ ಬರಬೇಕಾದವರು ಯಾರು, ವೈದ್ಯರು ಬಂದು ನೋಡಿದರೇ, ಸಾವು ಸಹಜವೇ. ಅಪಘಾತ, ವಿಷ, ನೇಣು ಇಂಥದ್ದಾದರೆ ಪೊಲೀಸರಿಗೆ ತಿಳಿಸಿ, ಶವಪರೀಕ್ಷೆ ಮುಗಿದು ದೇಹ ಕೈಗೆ ಬಂದ ಮೇಲೆಯೇ ಸಮಾಧಿಯ ಸಮಯ ಹೇಳಬೇಕು. ಮನೆಯವರು ಎಷ್ಟೇ ಬೇಡಿಕೊಂಡರೂ ಇದರಲ್ಲಿ ಸಡಿಲ ಬಿಡಬಾರದು. ಆತ್ಮಹತ್ಯೆಯಾದವರನ್ನು ಅಂಗಳದ ಮೂಲೆಯಲ್ಲಿ ಪ್ರಾರ್ಥನೆಯಿಲ್ಲದೆ ಹೂಳಬೇಕೆಂದು ಹೇಳುವವರು ಇನ್ನೂ ಇದ್ದಾರೆ. ಅಂಥ ಮಾತಿಗೆ ಹೊಸ ಪಾಲಕರು ಒಪ್ಪಬಾರದು; ಪೂರ್ತಿ ಕ್ರಮದಲ್ಲಿ, ಎಲ್ಲರ ಜೊತೆಯ ಸಾಲಿನಲ್ಲೇ ಸಮಾಧಿಯಾಗಲಿ ಎಂಬುದು ನಮ್ಮ ಗಟ್ಟಿಯಾದ ಮಾತು. ಆ ದಿನ ಕಮಿಟಿಯನ್ನು ಒಪ್ಪಿಸುವ ಭಾರವನ್ನು ಮಾರ್ಗದರ್ಶಿ ಹೊತ್ತುಕೊಳ್ಳಬಹುದು.

ವಂತಿಗೆ ಬಾಕಿಯ ಮಾತು ಇಲ್ಲೇ ಏಳುತ್ತದೆ. ಮೂರು ವರ್ಷದ ವಂತಿಗೆ ಕಟ್ಟಿಲ್ಲ, ಅದು ತೀರುವವರೆಗೆ ಗುಂಡಿ ತೋಡಿಸಬಾರದು ಎಂದು ಯಾರಾದರೂ ಹೆಣದ ಮುಂದೆಯೇ ಹೇಳುತ್ತಾರೆ. ಸಾವಿನ ಮನೆಯಲ್ಲಿ ಬಾಕಿಯ ಮಾತು ಎತ್ತುವಂತಿಲ್ಲ ಎಂದು ಕಮಿಟಿಯಲ್ಲಿ ಮೊದಲೇ ನಿರ್ಣಯ ಮಾಡಿ ನಡವಳಿಯಲ್ಲಿ ಬರೆಸಿಟ್ಟಿದ್ದರೆ ಅದನ್ನು ತೋರಿಸಿದರೆ ಸಾಕು.

ಕ್ರಮ ಮನೆಯಲ್ಲಿ, ಗುಡಿಯಲ್ಲಿ, ಅಂಗಳದಲ್ಲಿ ಎಂದು ಮೂರು ಭಾಗ. ಬೇರೆ ಧರ್ಮದ ನೆಂಟರು ಹಾರ ತರುತ್ತಾರೆ, ಅವರವರ ರೀತಿಯಲ್ಲಿ ಕೈಮುಗಿಯುತ್ತಾರೆ. ಅದಕ್ಕೆ ಅಡ್ಡಿ ಮಾಡದೆ, ಮನೆಯಲ್ಲೇ ಸಮಯ ಕೊಟ್ಟು, ಆಮೇಲೆ ಆರಾಧನೆ ಶುರುಮಾಡಬೇಕು. ಅಂಗಳದಲ್ಲಿ ಮೂರು ಹಿಡಿ ಮಣ್ಣು ಹಾಕುವಾಗ ಹೊಸಬರ ಕೈ ನಡುಗುತ್ತದೆ, ಪುಸ್ತಕದ ಪುಟ ಗಾಳಿಗೆ ಹಾರುತ್ತದೆ. ಮಾರ್ಗದರ್ಶಿಯ ಕೆಲಸ ಆ ಪುಟ ಹಿಡಿದು ನಿಲ್ಲುವುದು. ಪುಸ್ತಕ ಇಸಿದುಕೊಂಡು ತಾವೇ ಓದಲು ಶುರುಮಾಡಿದರೆ ಆ ಊರಿಗೆ ಹೊಸ ಪಾಲಕರು ಇನ್ನು ಒಂದು ವರ್ಷ ಹುಡುಗರಾಗಿಯೇ ಉಳಿಯುತ್ತಾರೆ. ಅಂದೇ ಸಂಜೆ ಸಮಾಧಿ ರಿಜಿಸ್ಟರು ಬರೆದು, ಸಾವನ್ನು 21 ದಿನದೊಳಗೆ ನೋಂದಾಯಿಸಬೇಕೆಂದು ಮನೆಯವರಿಗೆ ನೆನಪಿಸಬೇಕು. ಮೂರನೆಯ ದಿನ, ತಿಂಗಳು ತುಂಬಿದ ದಿನ, ಮೊದಲ ಕ್ರಿಸ್ಮಸ್ ಈ ಮೂರು ಸಲ ಆ ಮನೆಗೆ ಹೋಗುವುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸುತ್ತೇವೆ. ಸಮಾಧಿಯ ದಿನ ನೂರು ಜನ ಇರುತ್ತಾರೆ. ತಿಂಗಳ ನಂತರ ಯಾರೂ ಇರುವುದಿಲ್ಲ.

ಮದುವೆಯ ರಿಜಿಸ್ಟರು

ಮದುವೆಯಲ್ಲಿ ಪಾಲಕರು ಸಭೆಯ ಸೇವಕರಷ್ಟೇ ಅಲ್ಲ, 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಕೆಳಗೆ ಕೆಲಸ ಮಾಡುವವರು. ಇದನ್ನು ಹೊಸಬರು ಪೂರ್ತಿ ಮನಸ್ಸಿಗೆ ತಂದುಕೊಂಡಿರುವುದಿಲ್ಲ. ವರನಿಗೆ 21, ವಧುವಿಗೆ 18 ತುಂಬಿದ್ದಕ್ಕೆ ದಾಖಲೆ ಕೈಯಲ್ಲಿ ಹಿಡಿದು ನೋಡಬೇಕು, ಬಾಯಿಮಾತು ಸಾಲದು. ಇಬ್ಬರ ದೀಕ್ಷಾಸ್ನಾನದ ಪತ್ರ, ಬೇರೆ ಸಭೆಯವರಾದರೆ ಅಲ್ಲಿನ ಪಾಲಕರ ಪತ್ರ ಬೇಕು. ಮೂರು ಭಾನುವಾರ ಪ್ರಕಟಣೆ ಓದಬೇಕು. ಕಾಯ್ದೆಯ ಪ್ರಕಾರ ಮದುವೆ ನಡೆಯಬೇಕಾದದ್ದು ಬೆಳಿಗ್ಗೆ 6ರಿಂದ ಸಂಜೆ 7ರೊಳಗೆ. ಸಂಜೆಯ ಮದುವೆ ಇಟ್ಟುಕೊಂಡು, ವಧುವಿನ ಕಾರು ಬರುವುದು ತಡವಾಗಿ, ಏಳು ದಾಟಿಸುವ ಕುಟುಂಬಗಳಿವೆ; ಹಾಗಾಗಿ ನಾಲ್ಕು ಗಂಟೆಯ ನಂತರದ ಮದುವೆಗೆ ಒಪ್ಪಬೇಡಿ ಎನ್ನುತ್ತೇವೆ. ಒಬ್ಬರು ಕ್ರೈಸ್ತರಲ್ಲದಿದ್ದರೆ ಕಾಯ್ದೆ ಅವಕಾಶ ಕೊಟ್ಟರೂ ಡಯಾಸಿಸ್ ನಿಯಮ ಏನೆಂದು ಬರಹದಲ್ಲಿ ಕೇಳಿಕೊಳ್ಳಬೇಕು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನದ ನೋಟಿಸು ಕೊಟ್ಟು ಮದುವೆಯಾಗುವ ದಾರಿಯೂ ಇದೆಯೆಂದು ಆ ಜೋಡಿಗೆ ತಿಳಿಸಬೇಕು.

ತಪ್ಪುಗಳು ಆಗುವುದು ಸಹಿ ಹಾಕುವ ಹೊತ್ತಿನಲ್ಲಿ. ಫೋಟೋದವರು ತಳ್ಳುತ್ತಿರುತ್ತಾರೆ, ಬ್ಯಾಂಡಿನವರು ಬಾರಿಸುತ್ತಿರುತ್ತಾರೆ, ಪಾಲಕರು ಬೆವರುತ್ತ ಬರೆಯುತ್ತಾರೆ. ಹೆಸರು ಆಧಾರಿನಲ್ಲಿ ಒಂದು ರೀತಿ, ರಿಜಿಸ್ಟರಿನಲ್ಲಿ ಇನ್ನೊಂದು ರೀತಿ. ಇದು ಗೊತ್ತಾಗುವುದು ವರ್ಷದ ನಂತರ, ಪಾಸ್‌ಪೋರ್ಟ್ ಅಥವಾ ವೀಸಾ ಮಾಡಿಸುವಾಗ. ಅದಕ್ಕೆ ಹಿಂದಿನ ದಿನ ಸಂಜೆಯೇ ಎರಡೂ ಕಡೆಯ ದಾಖಲೆ ಮುಂದಿಟ್ಟುಕೊಂಡು ರಿಜಿಸ್ಟರಿನ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದು, ವಧೂವರರಿಂದ ಅಕ್ಷರ ಅಕ್ಷರ ಓದಿಸಿ ಒಪ್ಪಿಗೆ ಪಡೆಯಬೇಕು. ಮಾರನೆಯ ದಿನ ಅದನ್ನು ನೋಡಿ ಬರೆದರೆ ಸಾಕು. ಪಾಲಕರಲ್ಲದೆ ಇಬ್ಬರು ಸಾಕ್ಷಿಗಳ ಸಹಿ ಇರಬೇಕು.

ಆದರೂ ತಪ್ಪಾದರೆ? ಅಕ್ಷರದ ಮೇಲೆ ಅಕ್ಷರ ತಿದ್ದುವುದು, ಬಿಳಿ ಬಣ್ಣ ಹಚ್ಚುವುದು, ಹಾಳೆ ಹರಿಯುವುದು ಯಾವುದೂ ಕೂಡದು. ಕಾಯ್ದೆಯ 78ನೇ ಕಲಂ ದಾರಿ ಹೇಳುತ್ತದೆ: ತಪ್ಪು ಕಂಡ ಒಂದು ತಿಂಗಳೊಳಗೆ, ಮದುವೆಯಾದವರ ಎದುರಿನಲ್ಲಿ, ಅವರು ಸಿಗದಿದ್ದರೆ ಬೇರೆ ಇಬ್ಬರು ನಂಬಿಕಸ್ಥ ಸಾಕ್ಷಿಗಳ ಎದುರಿನಲ್ಲಿ, ಮೂಲ ಬರಹವನ್ನು ಮುಟ್ಟದೆ ಅಂಚಿನಲ್ಲಿ ಸರಿಯಾದದ್ದನ್ನು ಬರೆದು ಸಹಿ, ದಿನಾಂಕ ಹಾಕಬೇಕು. ಈ ಕಲಮಿನ ಸಾರವನ್ನು ರಿಜಿಸ್ಟರಿನ ಮೊದಲ ಪುಟದ ಒಳಗೆ ಅಂಟಿಸಿಟ್ಟುಕೊಳ್ಳಲು ಹೇಳುತ್ತೇವೆ.

ಹಣ

ಕಾಣಿಕೆಯನ್ನು ಪಾಲಕರು ಎಣಿಸಬಾರದು. ಆರಾಧನೆ ಮುಗಿದ ಕೂಡಲೇ ವೆಸ್ಟ್ರಿಯಲ್ಲಿ ಒಂದೇ ಮನೆತನದವರಲ್ಲದ ಇಬ್ಬರು ಎಣಿಸಿ, ಸರ್ವಿಸ್ ರಿಜಿಸ್ಟರಿನಲ್ಲಿ ಮೊತ್ತ ಬರೆದು ಇಬ್ಬರೂ ಸಹಿ ಮಾಡಬೇಕು. ಪಾಲಕರು ನೋಡಿ ಸಹಿ ಮಾಡುವುದಷ್ಟೇ. ಹಣ ಸೋಮವಾರ ಬ್ಯಾಂಕಿಗೆ ಹೋಗಬೇಕು, ಖಜಾಂಚಿಯ ಮನೆಯ ಕಪಾಟಿಗಲ್ಲ. ಸದಸ್ಯರಿಂದ ಸಾಲ ತೆಗೆದುಕೊಳ್ಳುವುದೂ ಬೇಡ, ಕೊಡುವುದೂ ಬೇಡ. ಸಂಬಳ ತಡವಾದ ತಿಂಗಳು ಅಂಗಡಿಯಲ್ಲಿ ಸಾಲ ಬೆಳೆಯುತ್ತದೆ. ಅದನ್ನು ಮಾರ್ಗದರ್ಶಿಗೆ ಹೇಳಿದರೆ ಅವರು ಡಯಾಸಿಸ್ ಕಚೇರಿಯಲ್ಲಿ ಮಾತಾಡಬಲ್ಲರು.

ಈಗ ಹೊಸದಾಗಿ ಆಗುತ್ತಿರುವ ಎಡವಟ್ಟು ಕ್ಯೂಆರ್ ಕೋಡ್. ಗುಡಿಯ ಬಾಗಿಲಲ್ಲಿ ಅಂಟಿಸಿದ ಕೋಡ್ ಸಭೆಯ ಖಾತೆಯದಲ್ಲ, ಪಾಲಕರದು. ತಾತ್ಕಾಲಿಕ ಎಂದು ಅಂಟಿಸಿದ್ದು ವರ್ಷವಾದರೂ ಹಾಗೇ ಇರುತ್ತದೆ. ಅವರು ಪೈಸೆ ಪೈಸೆ ಲೆಕ್ಕ ಕೊಟ್ಟರೂ ತಮ್ಮ ಸಂಬಳ, ಅಕ್ಕಿ ಬೇಳೆ, ಸಭೆಯ ಕಾಣಿಕೆ ಒಂದೇ ಪಾಸ್‌ಬುಕ್ಕಿನಲ್ಲಿ ಕಲಸಿಹೋಗಿರುತ್ತದೆ, ಬಿಡಿಸಲಾಗುವುದಿಲ್ಲ. ಇನ್ನೂ ಅಪಾಯದ್ದು ಹೊರದೇಶದ ಹಣ. ದುಬೈಯಲ್ಲೋ ಅಮೆರಿಕದಲ್ಲೋ ನೆಲೆಸಿರುವ ನಮ್ಮವರು ಊರಿನ ಗುಡಿಯ ಮೇಲಿನ ಪ್ರೀತಿಯಿಂದ "ಅಯ್ಯನವರೇ, ಛಾವಣಿಗೆ ಅಂತ ನಿಮ್ಮ ಖಾತೆಗೇ ಹಾಕಿದ್ದೇನೆ" ಎನ್ನುತ್ತಾರೆ. ವಿದೇಶಿ ವಂತಿಗೆಯನ್ನು ಎಫ್‌ಸಿಆರ್‌ಎ (ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ, ಅದೂ 2020ರ ತಿದ್ದುಪಡಿಯ ನಂತರ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ ಮಾತ್ರ ಪಡೆಯಬಹುದು. ಕೊಡುವವರು ಭಾರತದ ಪೌರರೋ ಬೇರೆ ದೇಶದ ಪೌರತ್ವ ಪಡೆದವರೋ ಎಂಬುದರ ಮೇಲೂ ವಿಷಯ ನಿಂತಿರುತ್ತದೆ. ಹೊಸ ಪಾಲಕರು ಹೇಳಬೇಕಾದ ಉತ್ತರ ಚಿಕ್ಕದು: ಡಯಾಸಿಸ್ ಖಜಾಂಚಿಯವರನ್ನು ಕೇಳಿ, ನನ್ನ ಖಾತೆಗೆ ಹಾಕಬೇಡಿ.

ಸುಗ್ಗಿ ಹಬ್ಬದ ಏಲಂ ಬಗ್ಗೆ ಒಂದು ಮಾತು. ಕುಂಬಳಕಾಯಿ, ಬಾಳೆಗೊನೆ, ಕೋಳಿ, ಒಂದು ತೆಂಗಿನಕಾಯಿ, ಭಕ್ತರು ತಂದ ಮೊದಲ ಫಲ ಎಲ್ಲವೂ ಕೂಗಿಗೆ ಬರುತ್ತವೆ. ಸಂತೋಷದಲ್ಲಿ ಕೂಗು ಏರುತ್ತದೆ, ತೆಂಗಿನಕಾಯಿ ಸಾವಿರ ದಾಟುತ್ತದೆ, ದುಡ್ಡು ಆಮೇಲೆ ಕೊಡುತ್ತೇನೆ ಎಂದು ಹೇಳಿ ಹೋಗುತ್ತಾರೆ. ಮುಂದಿನ ಸುಗ್ಗಿಯವರೆಗೂ ಬಾಕಿ ಹಾಗೇ ನಿಲ್ಲುತ್ತದೆ. ಏಲಂ ಪುಸ್ತಕದಲ್ಲಿ ವಸ್ತು, ಹೆಸರು, ಮೊತ್ತ ಬರೆದು ಕೂಗಿದವರಿಂದ ಅಲ್ಲೇ ಸಹಿ ಹಾಕಿಸುವುದಕ್ಕೆ ಯುವಜನ ಕೂಟದ ಇಬ್ಬರನ್ನು ಕೂರಿಸಬೇಕು. ಬಾಕಿಯವರ ಹೆಸರನ್ನು ಪ್ರಸಂಗಪೀಠದಿಂದ ಓದುವ ಹಳೆಯ ರೂಢಿ ಎಲ್ಲಾದರೂ ಇದ್ದರೆ ಅದನ್ನು ಆರು ತಿಂಗಳು ಕಾಯದೆ ನಿಲ್ಲಿಸಿ.

ತಮ್ಮ ಕೈಮೀರಿದ್ದು

ಕುಡಿತ, ಮನೋರೋಗ, ಅಪಸ್ಮಾರ, ಮನೆಯೊಳಗಿನ ಹೊಡೆತ ಇವೆಲ್ಲ ಪಾಲಕರ ಬಾಗಿಲಿಗೆ ಪ್ರಾರ್ಥನೆಯ ಕೋರಿಕೆಯಾಗಿ ಬರುತ್ತವೆ. ಪ್ರಾರ್ಥನೆ ಮಾಡಲೇಬೇಕು. ಮಾತ್ರೆ ಬಿಡಿ ಎಂದು ಮಾತ್ರ ಎಂದೂ ಹೇಳಬಾರದು, ಬೇರೆಯವರು ಹೇಳಿದರೆ ತಡೆಯಬೇಕು. ಮೂರ್ಛೆ ಹೋಗುವ ಮಗುವಿಗೆ ದೆವ್ವ ಹಿಡಿದಿದೆ ಎಂದು ಕರೆತಂದರೆ ಪಾಲಕರೇ ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಯಾವ ದಿನ ಕೂರುತ್ತಾರೆ, ಹತ್ತಿರದ ಮದ್ಯವ್ಯಸನಮುಕ್ತಿ ಕೇಂದ್ರ ಎಲ್ಲಿದೆ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಇಷ್ಟನ್ನು ಬೈಬಲಿನ ಹಿಂದಿನ ರಟ್ಟಿನ ಒಳಗೆ ಬರೆದಿಟ್ಟುಕೊಂಡರೂ ಸರಿ.

ಸಂಡೇ ಸ್ಕೂಲಿನಲ್ಲೋ ಹಾಸ್ಟೆಲಿನಲ್ಲೋ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕರ್ತವ್ಯ, ತಿಳಿಸದಿರುವುದೇ ಅಪರಾಧ. ಸಭೆಯ ಹೆಸರು ಕೆಡುತ್ತದೆ, ಒಳಗೇ ಮುಗಿಸೋಣ ಎಂದು ಹಿರಿಯರು ಒತ್ತಾಯಿಸುತ್ತಾರೆ. ಹೊಸ ಪಾಲಕರಿಗೆ ಇಂಥ ಹೊತ್ತಿನಲ್ಲಿ ಬೆನ್ನಿಗೆ ಒಬ್ಬರು ಬೇಕು. ಮಾರ್ಗದರ್ಶಿ ಠಾಣೆಗೆ ಜೊತೆಗೆ ಹೋಗಬೇಕು.

ಪಾಲಕರ ಮನೆ

ಪಾರ್ಸನೇಜಿನ ಬಾಗಿಲು ಹಗಲಿಡೀ ತೆರೆದೇ ಇರುತ್ತದೆ. ಪಾಲಕರ ಹೆಂಡತಿ ಸಂಡೇ ಸ್ಕೂಲ್ ನಡೆಸಬೇಕು, ಕೂಟ ನಡೆಸಬೇಕು, ಬಂದವರಿಗೆ ಚಹಾ ಕೊಡಬೇಕು, ಇದಕ್ಕೆಲ್ಲ ಸಂಬಳವಿಲ್ಲ. ಅವರು ಏನು ಮಾಡಬಯಸುತ್ತಾರೆ ಎಂದು ಅವರನ್ನೇ ಕೇಳಿ, ಉಳಿದದ್ದಕ್ಕೆ ಬೇರೆಯವರನ್ನು ನೇಮಿಸಿ ಎಂದು ಕಮಿಟಿಗೆ ಹೇಳಲು ಹೊಸಬರಿಗೆ ಧೈರ್ಯ ತುಂಬುತ್ತೇವೆ. ಸೋಮವಾರ ರಜೆ. ಸಾವು, ಆಸ್ಪತ್ರೆ ಬಿಟ್ಟರೆ ಬೇರೆ ಯಾವುದಕ್ಕೂ ಅಂದು ಫೋನ್ ಎತ್ತಬೇಕಿಲ್ಲ. ಸಭೆಯ ವಾಟ್ಸ್ಯಾಪ್ ಗುಂಪಿಗೆ ರಾತ್ರಿ ಒಂಬತ್ತರ ನಂತರ ಉತ್ತರವಿಲ್ಲ. ಮೊದಲ ತಿಂಗಳು ಜನ ಗೊಣಗುತ್ತಾರೆ, ಮೂರನೇ ತಿಂಗಳಿಗೆ ಸೋಮವಾರ ಪಾಲಕರಿಗೆ ತೊಂದರೆ ಕೊಡಬಾರದು ಎಂದು ಅವರೇ ಬೇರೆಯವರಿಗೆ ಹೇಳುತ್ತಾರೆ. ಪ್ರಸಂಗದ ತಯಾರಿಗಲ್ಲದೆ ತಮ್ಮ ಪ್ರಾಣಕ್ಕಾಗಿ ಬೈಬಲ್ ಓದುವ ಸಮಯ ದಿನಕ್ಕೆ ಅರ್ಧ ಗಂಟೆಯಾದರೂ ಬೇರೆಯೇ ಇರಬೇಕು. ಎಲ್ಲಕ್ಕಿಂತ ಮೊದಲು ಕೈಬಿಡುವುದು ಇದನ್ನೇ, ಮತ್ತು ಕೈಬಿಟ್ಟದ್ದನ್ನು ಹೇಳಿಕೊಳ್ಳಲು ಎಲ್ಲಕ್ಕಿಂತ ಹೆಚ್ಚು ನಾಚಿಕೆ. ಪ್ರತಿ ಭೇಟಿಯಲ್ಲೂ ಮೆಲ್ಲಗೆ ಕೇಳಬೇಕಾದ ಪ್ರಶ್ನೆ.

ಸಿಎಸ್‌ಐಯಲ್ಲಿ ಹೆಣ್ಣುಮಕ್ಕಳಿಗೆ ಗುರುದೀಕ್ಷೆ ಶುರುವಾದದ್ದು 1976ರಲ್ಲಿ. 2013ರಲ್ಲಿ ನಂದ್ಯಾಲದಲ್ಲಿ ಮೊದಲ ಮಹಿಳಾ ಬಿಷಪ್ ಬಂದರು. ಆದರೂ ಹೊಸ ಮಹಿಳಾ ಪಾಲಕರು ಹಳ್ಳಿಗೆ ಹೋದಾಗ ಜನ ಕಾಗದಪತ್ರವನ್ನು ಅವರ ಗಂಡನ ಕೈಗೆ ಕೊಡುತ್ತಾರೆ, ಕಮಿಟಿ ಸಭೆ ರಾತ್ರಿ ಎಂಟಕ್ಕೆ ಇಡುತ್ತಾರೆ, ಊರಾಚೆಯ ಪ್ರಾರ್ಥನಾ ಮನೆಯಲ್ಲಿ ಶೌಚಾಲಯವೇ ಇರುವುದಿಲ್ಲ. ರಾತ್ರಿ ಸಾವಿನ ಮನೆಗೆ ಹೋಗಿಬರಲು ಗಾಡಿ, ಜೊತೆಗೊಬ್ಬರು, ಸಂಜೆ ಐದಕ್ಕೆ ಕಮಿಟಿ, ಹೆರಿಗೆ ರಜೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂಬ ಲಿಖಿತ ಏರ್ಪಾಡು, ಇದನ್ನೆಲ್ಲ ಅವರೇ ಕೇಳಿಕೊಳ್ಳಲಿ ಎಂದು ಬಿಡದೆ ಮಾರ್ಗದರ್ಶಿ ಮೊದಲ ತಿಂಗಳಲ್ಲೇ ಕಮಿಟಿಯಲ್ಲಿ ಎತ್ತಬೇಕು.

ಸ್ವತಂತ್ರ ಸಭೆಗಳ ಪಾಸ್ಟರುಗಳಿಗೂ ಇದರಲ್ಲಿ ಹೆಚ್ಚಿನದು ಅನ್ವಯಿಸುತ್ತದೆ. ಅವರಿಗೆ ಡಯಾಸಿಸ್ ಇಲ್ಲ, ನಿಗದಿ ಸಂಬಳವಿಲ್ಲ, ವರ್ಗಾವಣೆಯೂ ಇಲ್ಲ. ಮದುವೆ ಮಾಡಿಸಲು ಕಾಯ್ದೆಯ 6ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರದ ಲೈಸೆನ್ಸ್ ಪಡೆದಿರಬೇಕೆಂಬುದು ಹಲವರ ಗಮನಕ್ಕೆ ಬಂದಿರುವುದಿಲ್ಲ. ಸಭೆಯ ಹಣ, ಜಾಗ ಸ್ವಂತ ಹೆಸರಿನಲ್ಲೇ ಇರುತ್ತದೆ. ಊರಿನ ಸಿಎಸ್‌ಐ, ಮೆಥಡಿಸ್ಟ್ ಪಾಲಕರು ಅವರನ್ನು ಚಹಾಕ್ಕೆ ಕರೆದು ಈ ಎರಡು ಮಾತು ಹೇಳಿದರೆ ದೊಡ್ಡ ಉಪಕಾರ.

ಹನ್ನೆರಡನೇ ತಿಂಗಳ ಭೇಟಿಗೆ ಹೊಸ ಪಾಲಕರು ರಿಜಿಸ್ಟರುಗಳನ್ನು, ಸರ್ವಿಸ್ ಪುಸ್ತಕವನ್ನು, ಆರು ತಿಂಗಳ ಆ ನೋಟ್‌ಬುಕ್ಕನ್ನು ತರುತ್ತಾರೆ. ಪುಟ ಪುಟ ನೋಡಿ, ಸಹಿ ಬಿಟ್ಟ ಜಾಗ, ಬರೆಯದ ಹಾಜರಿ ಗುರುತು ಮಾಡಿಕೊಡುತ್ತೇವೆ. ಈ ಭೇಟಿಯ ನಂತರ ಕರೆದಾಗ ಮಾತ್ರ ಹೋಗುವುದು. ಒಂದು ವರ್ಷ ಚೆನ್ನಾಗಿ ಮುಗಿಸಿದವರನ್ನು ಕೂಡಲೇ ಇನ್ನೊಬ್ಬ ಹೊಸಬರಿಗೆ ಮಾರ್ಗದರ್ಶಿಯಾಗಿ ಹಾಕುವ ಆತುರ ಕಚೇರಿಗಳಲ್ಲಿ ಕಾಣುತ್ತದೆ. ಅದು ಬೇಡ. ಒಂದು ಕಮಿಟಿ ಚುನಾವಣೆ ಮತ್ತು ತಮ್ಮದೇ ಒಂದು ವರ್ಗಾವಣೆಯನ್ನು ದಾಟಿ, ಚಾರ್ಜ್ ಪಟ್ಟಿಗೆ ಕೊಡುವವರ ಜಾಗದಲ್ಲಿ ಸಹಿ ಹಾಕಿದ ಮೇಲೆ ಅವರನ್ನು ಕೇಳಬಹುದು.